ದಸರೆಗೆ ಸಾಮು

ಕೆಸರೆ, ಮೈಸೂರು
19-9-1999, ಭಾನುವಾರ

ಪೂಜ್ಯ ಅಕ್ಕನಿಗೆ,

ತಮ್ಮ ರುದ್ರಸ್ವಾಮಿಯ ನಮಸ್ಕಾರಗಳು. ನಾನೂ ರಕ್ಷಿತಾನೂ ಇದ್ದೇವೆ. ನಿಮ್ಮ ಮಂಡಿನೋವು ಈಗ ಹೇಗಿದೆ? ರಾತ್ರಿ ಎಣ್ಣೆ ತಿಕ್ಕಿಸಿಕೊಳ್ಳುವುದನ್ನು ನಿಲ್ಲಿಸಬೇಡಿ. ಹಬ್ಬ ಬಂತೆಂದರೆ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಒಬ್ಬಟ್ಟು ತಿನ್ನುವುದು ನಿಮ್ಮ ಅಭ್ಯಾಸ, ಈ ಸಲ ಹಾಗೆ ಮಾಡಬೇಡಿ. ಭಾವನವರಿಗೆ ಬೆಳಗಿನ ಹೊತ್ತು ಸಲೀಸಾಗಿ ಆಗುತ್ತಿದೆಯೇ? ದೊಡ್ಡವರ ವಿಷಯದಲ್ಲಿ ಹೀಗೆ ಕೇಳುವುದು ಚೆನ್ನಾಗಿರುವುದಿಲ್ಲ. ಆದರೆ ದಸರೆಯ ಹತ್ತು ದಿನ ಅದು ನಮ್ಮ ಮನೆಯವರೆಲ್ಲರಿಗೂ ಸಂಬಂಧಪಟ್ಟ ವಿಷಯವಾಗಿರುತ್ತಿತ್ತು, ಅದಕ್ಕೆ ಕೇಳಿದೆ.

ನಿಮ್ಮ ಕಾಗದ ಗಣೇಶನನ್ನು ಬಿಟ್ಟ ಮಾರನೇ ದಿನ ಕೈ ಸೇರಿತು. ಈ ಸಲವೂ ಅರಸೀಕೆರೆಯಿಂದ ಹದಿಮೂರು ಜನ ಬರುತ್ತೀರಿ ಎಂದು ತಿಳಿಯಿತು. ನೀವು, ಭಾವನವರು, ಇಬ್ಬರು ಗಂಡುಮಕ್ಕಳು, ಸೊಸೆಯರು, ನಾಲ್ಕು ಮೊಮ್ಮಕ್ಕಳು, ಕಿರಿಯ ಸೊಸೆಯ ಅಪ್ಪ ಅಮ್ಮ ಮತ್ತು ತಮ್ಮ. ಪುಟ್ಟಬಸಮ್ಮ ಹೋಗಿ ಅಕ್ಟೋಬರ್ ಐದಕ್ಕೆ ವರ್ಷ ತುಂಬುತ್ತದೆ, ದಸರೆ ಶುರುವಾಗುವುದು ಹತ್ತಕ್ಕೆ, ಆದ್ದರಿಂದ ಅಡ್ಡಿಯೇನಿಲ್ಲ ಎಂದು ಬರೆದಿದ್ದೀರಿ. ಅಕ್ಕ, ಅವಳು ಹೋದದ್ದು ಸೀಗೆ ಹುಣ್ಣಿಮೆಯ ದಿನ. ಈ ವರ್ಷ ಸೀಗೆ ಹುಣ್ಣಿಮೆ ಬರುವುದು ವಿಜಯದಶಮಿ ಕಳೆದು ಐದು ದಿನಕ್ಕೆ. ಬಾಗಿಲಿಗೆ ಚಿಲಕ ಹಾಕಿಸಲಿಕ್ಕೂ ಪಂಚಾಂಗ ನೋಡುವವರು ನೀವು. ನನ್ನ ಹೆಂಡತಿಯ ವಿಷಯಕ್ಕೆ ಮಾತ್ರ ಇಂಗ್ಲಿಷ್ ಕ್ಯಾಲೆಂಡರ್ ನೋಡಿದ್ದೀರಿ. ತಪ್ಪು ಹಿಡಿಯುತ್ತಿಲ್ಲ. ಓದಿದಾಗ ಮನಸ್ಸಿಗೆ ಬಂತು, ಬರೆದೆ.

ಅಡುಗೆ ಕೆಲಸಕ್ಕೆ ಯಾರು ಎಂದು ನಾನು ಕೇಳುವ ಮೊದಲೇ ನೀವು ಉತ್ತರ ಬರೆದಿದ್ದೀರಿ. ‘ರಕ್ಷಿತಾ ಈಗ ಚಿಕ್ಕ ಮಗು ಅಲ್ಲ. ಅವಳಮ್ಮನ ಜಾಗದಲ್ಲಿ ನಿಂತ್ಕೊಳ್ಳಲಿ. ದಸರಾ ರಜ ಇದ್ದೇ ಇರುತ್ತಲ್ಲ. ಅವಳ ವಯಸ್ಸಿಗೆ ನಾನು ಇಪ್ಪತ್ತು ಜನಕ್ಕೆ ರೊಟ್ಟಿ ತಟ್ಟುತ್ತಿದ್ದೆ. ಈಗಿಂದ್ಲೇ ಸೊಂಟ ಬಗ್ಗಿಸಿ ಮೈ ಪಳಗಿಸ್ಕೊಳ್ಳೋಕೆ ಹೇಳು’ ಎಂದು. ಜೊತೆಗೆ ಪೇಪರಿನಿಂದ ಕತ್ತರಿಸಿದ ಆರೋಗ್ಯದ ಅಂಕಣವನ್ನೂ ಇಟ್ಟಿದ್ದೀರಿ. ಹಬ್ಬದ ಕೆಲಸಕ್ಕೆ ಹೆಂಗಸರು ಒಂದು ತಿಂಗಳು ಮೊದಲೇ ದೇಹವನ್ನು ಸಿದ್ಧ ಮಾಡಿಕೊಳ್ಳಬೇಕಂತೆ. ದಿನಾ ಅರ್ಧ ಗಂಟೆ ನಡೆಯಬೇಕಂತೆ. ಭಾರ ಎತ್ತುವಾಗ ಬೆನ್ನು ಬಗ್ಗಿಸದೆ ಮಂಡಿ ಬಗ್ಗಿಸಬೇಕಂತೆ. ಬಾಯಾರುವ ಮೊದಲೇ ಕುಡಿಯಬೇಕಂತೆ, ದಿನಕ್ಕೆ ಎಂಟು ಲೋಟ ನೀರು. ನೀವು ಎಂಟು ಲೋಟದ ಕೆಳಗೆ ಕೆಂಪು ಗೀಟು ಎಳೆದಿದ್ದೀರಿ. ಬರೆದವರು ಒಳ್ಳೆಯ ಮನಸ್ಸಿನಿಂದಲೇ ಬರೆದಿರಬೇಕು. ಹದಿನೈದು ಜನ ಇರುವ ಮನೆಯಲ್ಲಿ ಎಷ್ಟು ಕಕ್ಕಸು ಇರಬೇಕು ಅನ್ನುವುದನ್ನು ಮಾತ್ರ ಬರೆದಿಲ್ಲ.

ಒಂದು ತಿಂಗಳ ಸಾಧನೆ ನಮ್ಮ ಮನೆಗೆ ಹೊಸದಲ್ಲ. ನೀವು ಬರುವುದು ಹಬ್ಬ ಶುರುವಾದ ಮೇಲೆ, ಆದ್ದರಿಂದ ನೀವು ನೋಡಿಲ್ಲ. ಗಣೇಶ ನೀರಿಗೆ ಬಿದ್ದ ಮಾರನೇ ಬೆಳಿಗ್ಗೆ ಪುಟ್ಟಬಸಮ್ಮ ಸೆರಗು ಸಿಕ್ಕಿಸಿಕೊಂಡು ನಿಲ್ಲುತ್ತಿದ್ದಳು. ನಮ್ಮ ಕಡೆ ನಲ್ಲಿ ನೀರು ಮಾಳಿಗೆಗೆ ಏರುವುದಿಲ್ಲ. ಮೇಲಿನ ಕೋಣೆಯಲ್ಲಿ ಇಳಿಯುವವರಿಗೆ ಕೆಳಗಿನ ತೊಟ್ಟಿಯಿಂದ ಹೊತ್ತೇ ಕೊಡಬೇಕು, ಹತ್ತೊಂಬತ್ತು ಮೆಟ್ಟಿಲು. ಮೊದಲ ವಾರ ಅರ್ಧ ಬಕೆಟ್, ಆಮೇಲೆ ಒಂದು, ಆಮೇಲೆ ಎರಡು ಕೈಗೂ ಒಂದೊಂದು. ಅಟ್ಟದ ಹಾಸಿಗೆಗಳನ್ನು ದಿನಕ್ಕೆರಡರಂತೆ ಇಳಿಸಿ ಮಾಳಿಗೆಗೆ ಒಯ್ದು ಬಿಸಿಲಿಗೆ ಹಾಕುತ್ತಿದ್ದಳು. ಅಷ್ಟು ಹಿಟ್ಟಿಗೆ ಮಿಕ್ಸಿ ಸುಟ್ಟು ಹೋಗುತ್ತದೆಂದು ಒರಳಿನ ಮುಂದೆ ಕೂತು ತೋಳು ಪಳಗಿಸುತ್ತಿದ್ದಳು. ನಾನು ನಕ್ಕರೆ, ‘ನಗ್ರೀ ನಗ್ರೀ. ದಸರಾ ಕುಸ್ತಿಗೆ ಗರಡಿಯೋರು ಸಾಮು ಮಾಡಲ್ವಾ? ನಾನೂ ಮಾಡ್ತಿದೀನಿ. ಅವರಿಗೆ ಬಾದಾಮಿ ಹಾಲು, ಎದುರಿಗೆ ಒಬ್ಬನೇ ಪೈಲ್ವಾನ. ನನಗೆ ಬರೀ ಕಾಫಿ, ಎದುರಿಗೆ ಹದಿಮೂರು ಜನ’ ಅನ್ನುತ್ತಿದ್ದಳು. ಇದನ್ನು ನಾನು ಅಂದಿನ ಡೈರಿಯಲ್ಲಿ ಬರೆದುಕೊಂಡಿದ್ದೆ. ತಮಾಷೆಯ ಮಾತು ಎಂದು ಬರೆದುಕೊಂಡಿದ್ದೆ.

ಮಾಳಿಗೆಯ ಕೋಣೆ ಕಟ್ಟಿಸಿದ ವರ್ಷ ನಿಮಗೆ ನೆನಪಿರಬೇಕು. ಊದುಬತ್ತಿ ಕಾರ್ಖಾನೆಯಲ್ಲಿ ನನಗೆ ಹಿಂಬಾಕಿ ಬಂದಿತ್ತು. ಇನ್ನೊಂದು ಕಕ್ಕಸು ಕಟ್ಟಿಸೋಣ ಅಂದಳು ಅವಳು. ‘ಬಂದೋರು ಮಲಗೋಕೆ ಜಾಗ ಬೇಕು ಕಣೋ, ಕಕ್ಕಸಲ್ಲಿ ಮಲಗಿಸ್ತೀಯಾ?’ ಅಂದಿರಿ ನೀವು. ಎಲ್ಲರೂ ನಕ್ಕರು, ನಾನೂ ನಕ್ಕೆ, ಕೋಣೆ ಕಟ್ಟಿಸಿದೆ. ಅಮ್ಮ ಹೋದಾಗ ನನಗೆ ಆರು ವರ್ಷ, ನಿಮ್ಮ ಸೊಂಟದ ಮೇಲೆ ಬೆಳೆದವನು ನಾನು, ನಿಮ್ಮ ಮಾತಿಗೆ ಎದುರು ಹೇಳಿ ಗೊತ್ತಿಲ್ಲ. ಪುಟ್ಟಬಸಮ್ಮ ಒಂದೇ ಮಾತು ಅಂದಳು, ‘ಆಯ್ತು ಬುಡಿ, ಇರೋದ್ರಲ್ಲೇ ನಿಭಾಯಿಸೋಣ.’ ಹೇಗೆ ನಿಭಾಯಿಸಿದಳು ಎಂದು ನಾನು ನಾಲ್ಕು ವರ್ಷ ಕೇಳಲಿಲ್ಲ.

ಅದು ಗೊತ್ತಾದದ್ದು ಆಸ್ಪತ್ರೆಯಲ್ಲಿ. ನೀವು ಆಗ ಊರಿಗೆ ಹೊರಟುಹೋಗಿದ್ದಿರಿ. ‘ಇವರು ನೀರು ಕುಡೀತಾನೇ ಇರಲಿಲ್ವಾ?’ ಎಂದು ಡಾಕ್ಟರು ನನ್ನನ್ನು ಕೇಳಿದರು. ನನಗೆ ಗೊತ್ತಿರಲಿಲ್ಲ. ಉತ್ತರ ಕೊಟ್ಟವಳು ರಕ್ಷಿತಾ. ‘ಅಮ್ಮ ಗಣೇಶನ ಹಬ್ಬ ಆದ್ಮೇಲಿಂದ ಕಮ್ಮಿ ಮಾಡ್ಕೊಂಡು ಬರ್ತಾಳೆ ಸಾರ್. ಒಂದೇ ಸಲ ಬಿಟ್ರೆ ತಲೆ ಸುತ್ತುತ್ತಂತೆ. ದಸರಾ ಬರೋ ಹೊತ್ತಿಗೆ ದಿನಕ್ಕೆ ಒಂದು ಲೋಟಕ್ಕೆ ತರ್ತಾಳೆ. ನೆಂಟರು ಇರೋವಾಗ ಹೋಗೋಕೆ ಆಗಲ್ವಲ್ಲ’ ಅಂದಳು. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಅಕ್ಕ, ಆ ನೋಟವನ್ನು ನಾನು ಡೈರಿಯಲ್ಲಿ ಬರೆದಿಲ್ಲ, ಬರೆಯುವ ಅಗತ್ಯ ಬಿದ್ದಿಲ್ಲ. ಉಚ್ಚೆ ಕಟ್ಟಿಕೊಂಡು ಸೋಂಕು ತಗುಲಿ, ಅದು ಮೂತ್ರಪಿಂಡಕ್ಕೆ ಏರಿ, ಅಲ್ಲಿಂದ ರಕ್ತಕ್ಕೆ ಸೇರಿತ್ತು. ಮೊದಲೇ ಕರೆತಂದಿದ್ದರೆ ಎಂದರು.

ಮೊದಲೇ ಅಂದರೆ ಯಾವತ್ತು ಎಂದು ಆಮೇಲೆ ಡೈರಿ ತೆಗೆದು ಹುಡುಕಿದೆ. ಆಯುಧಪೂಜೆಯ ಪುಟ ತೆರೆದಾಗ ಆ ಬೆಳಿಗ್ಗೆ ನೆನಪಿಗೆ ಬಂತು. ಭಾವನವರು ಪೇಪರ್ ಹಿಡಿದು ಒಳಗೆ ಹೋಗಿ ಮುಕ್ಕಾಲು ಗಂಟೆಯಾಗಿತ್ತು. ಹೊರಗೆ ನಿಮ್ಮ ಬೀಗರು, ಅವರ ಹಿಂದೆ ನಿಮ್ಮ ದೊಡ್ಡ ಮಗ, ಮಕ್ಕಳು. ಪುಟ್ಟಬಸಮ್ಮ ಮೆಟ್ಟಿಲಿನ ಕೆಳಗೆ ಗೋಡೆ ಹಿಡಿದುಕೊಂಡು ನಿಂತಿದ್ದಳು. ಮೈ ಸುಡುತ್ತಿತ್ತು ಅಂತ ಈಗ ಗೊತ್ತು. ‘ಪಕ್ಕದ ಮಂಗಳಮ್ಮನ ಮನೆಗೆ ಹೋಗಿ ಬರ್ಲಾ?’ ಎಂದು ಮೆಲ್ಲಗೆ ಕೇಳಿದಳು. ನೆಂಟರನ್ನು ಮನೆಯಲ್ಲಿ ಇಟ್ಟುಕೊಂಡು ಕಕ್ಕಸಿಗೆ ಪಕ್ಕದ ಮನೆಗೆ ಹೋದರೆ ನಿಮ್ಮ ಬೀಗರು ಏನಂದುಕೊಳ್ಳುತ್ತಾರೆ ಎಂದು ನಾನು, ‘ಬೇಡ, ಸ್ವಲ್ಪ ತಡ್ಕೋ’ ಅಂದೆ. ಅವಳು ತಡೆದುಕೊಂಡಳು. ಭಾವನವರು ಹೊರಬಂದು, ‘ಏನಮ್ಮ, ಒಬ್ಬಟ್ಟಿನ ಹೂರಣ ಆಯ್ತಾ?’ ಎಂದು ಕೇಳಿದರು. ಅವಳು ಒಲೆಯ ಹತ್ತಿರ ಹೋದಳು. ಆ ದಿನದ ಡೈರಿಯಲ್ಲಿ ನಾನು ಬರೆದಿರುವುದು ಇಷ್ಟೇ: ಒಬ್ಬಟ್ಟು ಚೆನ್ನಾಗಿ ಆಗಿತ್ತು, ಎಲ್ಲರಿಗೂ ಸಂತೋಷ.

ಮಾರನೇ ದಿನದ್ದು ನಿಮಗೇ ಗೊತ್ತು. ಜಂಬೂಸವಾರಿ ನೋಡಿಕೊಂಡು ಸಂಜೆ ಎಲ್ಲರೂ ಬಂದಾಗ ಅವಳು ಒರಳಿನ ಪಕ್ಕ ನೆಲದ ಮೇಲೆ ಮಲಗಿದ್ದಳು. ‘ದೀಪ ಹಚ್ಚೋ ಹೊತ್ತಲ್ಲಿ ಮಲಗ್ತಾರಾ ಪುಟ್ಟಬಸಮ್ಮ? ಬಿಸಿಲಲ್ಲಿ ನಿಂತು ಬಂದಿದೀವಿ, ಒಂದು ಲೋಟ ಕಾಫಿ ಆಗ್ಲಿ’ ಅಂದಿರಿ. ಎದ್ದು ಹದಿನೈದು ಲೋಟ ಕಾಫಿ ಮಾಡಿದಳು. ರಕ್ಷಿತಾ ಪಾತ್ರೆ ಇಳಿಸಲು ಹೋದರೆ ನಿಮ್ಮ ಹಿರಿಯ ಸೊಸೆ, ‘ಬುಡು, ನಿಮ್ಮಮ್ಮಂಗೆ ಕೈ ಪಳಗಿದೆ’ ಅಂದಳು. ಮಾರನೇ ಬೆಳಿಗ್ಗೆ ಪುಟ್ಟಬಸಮ್ಮನಿಗೆ ಮಾತು ತೊದಲುತ್ತಿತ್ತು. ನಾನು ಆಟೋ ಹುಡುಕಲು ಓಡಿದೆ. ನೀವು ಟಿಕೆಟ್ ಆಗಿದೆ ಅಂದಿರಿ. ಉಳಿದ ಒಬ್ಬಟ್ಟು, ಕೋಡುಬಳೆ ತುಂಬಿದ ಡಬ್ಬಗಳನ್ನು ಎಣಿಸಿ ಬ್ಯಾಗಿಗೆ ಹಾಕಿಕೊಂಡಿರಿ. ಅವಳು ಹೋದ ಮೇಲೆ ಬಂದವರು ಮಣ್ಣು ಹಾಕಿ, ಮನೆಗೆ ಬಂದು ಕೂತು, ‘ನೀರು ಕುಡಿದಿದ್ರೆ ಆಗ್ತಿತ್ತಲ್ಲೋ, ಯಾರಾದ್ರೂ ಕುಡೀಬೇಡ ಅಂದಿದ್ರಾ?’ ಎಂದು ಕೇಳಿದಿರಿ. ಯಾರೂ ಅಂದಿರಲಿಲ್ಲ. ಅದು ನಿಜ.

ಇಷ್ಟೆಲ್ಲ ಬರೆದ ಮೇಲೆ ನಿಮ್ಮ ಕಾಗದಕ್ಕೆ ಉತ್ತರ ಬರೆಯಬೇಕಲ್ಲ. ಬನ್ನಿ. ನಿಮ್ಮ ತಮ್ಮನ ಮನೆಗೆ ಬರಬೇಡಿ ಎಂದು ನಿಮಗೆ ಹೇಳುವ ಬಾಯಿ ನನಗೆ ಇಲ್ಲ, ಐವತ್ತು ವರ್ಷಕ್ಕೆ ಹೊಸದಾಗಿ ಎಲ್ಲಿಂದ ತರಲಿ. ಎರಡು ವಿಷಯ ಕೇಳಿಕೊಳ್ಳುತ್ತೇನೆ, ನಡೆಸಿಕೊಡಿ. ಬೀಗರನ್ನು ಈ ವರ್ಷ ಕರೆತರಬೇಡಿ. ಭಾವನವರು ಪೇಪರನ್ನು ಜಗುಲಿಯಲ್ಲಿ ಕೂತು ಓದಲಿ. ರಕ್ಷಿತಾ ಬುಧವಾರದಿಂದ ನೀವು ಹೇಳಿದ ಹಾಗೇ ಶುರುಮಾಡಿದ್ದಾಳೆ. ಬೆಳಿಗ್ಗೆ ಐದೂವರೆಗೆ ಎದ್ದು ಬಕೆಟ್ ಹೊರುತ್ತಾಳೆ. ಮೊದಲ ದಿನ ಹತ್ತನೇ ಮೆಟ್ಟಿಲಲ್ಲಿ ಕೂತುಬಿಟ್ಟಳು, ನಿನ್ನೆ ನಿಲ್ಲದೆ ಹತ್ತಿದಳು. ಅಂಗೈಯಲ್ಲಿ ಬೊಬ್ಬೆ ಎದ್ದಿದೆ, ಕೊಬ್ಬರಿ ಎಣ್ಣೆ ಹಚ್ಚಿದ್ದೇನೆ. ‘ಕಾಲೇಜಲ್ಲಿ ಪಿ.ಟಿ. ಇಲ್ಲ ಅಂತಿದ್ದೆ, ಮನೇಲೇ ಆಯ್ತು ನೋಡಪ್ಪ’ ಎಂದು ತಮಾಷೆ ಮಾಡುತ್ತಾಳೆ. ಎರಡನೇ ಪಿಯುಸಿ, ನವೆಂಬರಿನಲ್ಲಿ ಪರೀಕ್ಷೆ ಇದೆ. ಓದು ರಾತ್ರಿ ಮಾಡಿಕೊಳ್ಳುತ್ತೇನೆ ಅಂದಿದ್ದಾಳೆ. ಅವಳ ಬಗ್ಗೆ ನಿಮಗೆ ದೂರು ಬರುವುದಿಲ್ಲ ಎಂದುಕೊಂಡಿದ್ದೇನೆ.

ಭಾವನವರಿಗೆ ನನ್ನ ನಮಸ್ಕಾರ. ಮಕ್ಕಳಿಗೆ, ಸೊಸೆಯರಿಗೆ ಕೇಳಿದೆನೆಂದು ಹೇಳಿ. ಮೊಮ್ಮಕ್ಕಳ ತಲೆಯ ಮೇಲೆ ನನ್ನ ಕೈ ಇದೆ ಎಂದು ತಿಳಿಯಲಿ. ನಿಮ್ಮ ಮೈ ಕಡೆ ಜೋಪಾನ.

ಇತಿ ನಿಮ್ಮ ತಮ್ಮ,
ರುದ್ರಸ್ವಾಮಿ

ಮರೆತ ಮಾತು: ಅಂಟು ಹಚ್ಚುವ ಮೊದಲು, ಅತ್ತೆಗೆ ಎರಡು ಸಾಲು ಬರಿಯಮ್ಮ ಎಂದು ಕಾಗದವನ್ನು ರಕ್ಷಿತಾ ಕೈಗೆ ಕೊಟ್ಟೆ. ಬರೆಯಲು ಪೆನ್ನು ತೆಗೆದವಳು ನನ್ನನ್ನು ಕೇಳಿದಳು: ‘ಅಪ್ಪ, ಒಂದು ಲೋಟಕ್ಕೆ ತರೋಕೆ ಅಮ್ಮಂಗೆ ಎಷ್ಟು ದಿನ ಹಿಡೀತಿತ್ತು ಅಂತ ನಿನ್ನ ಡೈರೀಲಿ ಇದೆಯಾ? ನಾನು ಬುಧವಾರದಿಂದ ಶುರುಮಾಡಿದೀನಿ, ಮೂರಕ್ಕೆ ಬಂದಿದೆ, ಅಲ್ಲಿಂದ ಇಳೀತಾನೇ ಇಲ್ಲ.’ ತುಟಿ ಒಡೆದಿರುವುದು ಬಿಸಿಲಿಗೆ ಎಂದುಕೊಂಡಿದ್ದೆ. ಅಕ್ಕ, ಬರಬೇಡಿ. ಮೇಲೆ ಬನ್ನಿ ಎಂದು ಬರೆದದ್ದನ್ನು ಹೊಡೆದು ಹಾಕಿದ್ದೇನೆ. ಬೀಗರೂ ಬೇಡ, ನೀವೂ ಬೇಡ, ಈ ವರ್ಷವೂ ಬೇಡ, ಇನ್ನು ಯಾವ ವರ್ಷವೂ ಬೇಡ. ತಮ್ಮ ಕೆಟ್ಟುಹೋದ ಎಂದು ಊರಿಗೆಲ್ಲ ಹೇಳಿ. ಇದನ್ನು ಬರೆದು ಅವಳಿಗೆ ತೋರಿಸಿದೆ, ಈಗ ಕುಡಿಯಮ್ಮ ಎಂದು ಲೋಟ ಹಿಡಿದೆ. ಪೂರ್ತಿ ಓದಿದಳು. ‘ನೀನು ಬೇಡ ಅಂದ್ರೂ ಅತ್ತೆ ಬಂದೇ ಬರ್ತಾರೆ ಕಣಪ್ಪ. ಬಂದ್ರೆ ನೀನು ಬಾಗಿಲು ತೆಗೀತೀಯ’ ಅಂದಳು. ಕುಡಿಯಲಿಲ್ಲ.