ನಿನ್ ಮುಖ!

ಮಾರ್ಚ್ 3, ಸೋಮವಾರ

ಗ್ಲಾಸುಗಳನ್ನು ತೊಳೆದು ಬೋರಲು ಹಾಕಿದ್ದಾಯಿತು. ನಾಳೆ ರುಚಿ ನೋಡುವ ದಿನ. ಹೋದ ಕೊಯ್ಲಿನ ಕೆಂಪು ವೈನ್. ಯಾವ ಪೀಪಾಯಿ ನಮ್ಮ ಮನೆಯ ಲೇಬಲ್ಲಿಗೆ, ಯಾವುದು ಸಗಟಿಗೆ, ಯಾವುದು ವಿನೆಗರ್ ಮಾಡುವವನ ಪಾಲಿಗೆ — ಎಲ್ಲ ಅಪ್ಪನ ಒಂದೇ ಗುಟುಕಿನಲ್ಲಿ ತೀರ್ಮಾನ. ನಾನಿರುವುದು ಶೋಭೆಗೆ. ಮೊದಲ ಗ್ಲಾಸು ಮಾತ್ರ ನನಗೇ. ‘ಬಾಯಿ ಮುಚ್ಕೊಂಡು ಕುಡಿ’ ಅನ್ನುತ್ತಾರೆ. ಅದು ಹೇಗೆ ಅಂತ ಕೇಳುವ ಧೈರ್ಯ ಇನ್ನೂ ಬಂದಿಲ್ಲ. ಅಭಿಪ್ರಾಯ ಹೇಳಹೋದರೆ ‘ನಿನ್ ಮುಖ!’ ಅಲ್ಲಿಗೆ ಮುಗಿಯಿತು.

ದವಡೆ ಹಲ್ಲು ಯಾಕೋ ಜುಂ ಅನ್ನುತ್ತಿದೆ. ಲವಂಗ ಇಟ್ಟುಕೊಂಡಿದ್ದೇನೆ.

ಮಾರ್ಚ್ 4, ಮಂಗಳವಾರ

ಪೆನ್ನು ಒತ್ತಿ ಹಾಳೆ ಹರಿಯಿತು. ಸಿಟ್ಟಿಗೆ.

ಮೂಲೆಯ ಪೀಪಾಯಿ. ಮೇಲಿನ ಇಳಿಜಾರಿನ ಹಳೇ ಬಳ್ಳಿಗಳದ್ದು, ಇಡೀ ದಿನ ಬಿಸಿಲು ಕುಡಿದ ಹಣ್ಣು. ಮೂಗಿನ ಹತ್ತಿರ ತಂದದ್ದಷ್ಟೆ, ಮೈ ಜುಮ್ಮೆಂದಿತು. ಇಂಥದ್ದು ಈ ಮನೆಯಲ್ಲಿ ನಾನು ಕಂಡಿಲ್ಲ. ಗುಟುಕು ಬಾಯಿಗೆ ಹೋಯಿತೋ ಇಲ್ಲವೋ, ಆ ದರಿದ್ರ ಹಲ್ಲು... ಮುಖ ಕಿವುಚಿ ಕಣ್ಣಲ್ಲಿ ನೀರೇ ಬಂತು.

ಅಪ್ಪ ತಾವೂ ಒಂದು ಗುಟುಕು ಕುಡಿದರು. ಸೀಮೆಸುಣ್ಣ ತೆಗೆದು ಪೀಪಾಯಿ ಮೇಲೆ ದೊಡ್ಡದೊಂದು ಕಾಟು ಎಳೆದರು. ಅಂದರೆ ವಿನೆಗರ್!

‘ಅಪ್ಪಾ! ತಲೆ ಕೆಟ್ಟಿದ್ಯಾ ನಿಮಗೆ? ಇದರಂಥದ್ದು ಇನ್ನೊಂದಿಲ್ಲ!’

‘ಸುಮ್ನಿರು. ನಾನು ನೋಡಿದ್ನಲ್ಲ.’

‘ಏನು ನೋಡಿದ್ರಿ? ಸರಿಯಾಗಿ ಮೂಸಲೂ ಇಲ್ಲ ನೀವು!’

‘ನಿನ್ ಮುಖ!’

ಹೊರಗೆ ಹೋಗಿ ಬಾಗಿಲನ್ನು ದಢಾರ್ ಅಂತ ಹಾಕಿದೆ. ಸೋಮವಾರ ವಿನೆಗರ್‌ನವನ ಲಾರಿ ಬರುತ್ತದಂತೆ. ಬರಲಿ. ನನಗೇನು.

ಮಾರ್ಚ್ 7, ಶುಕ್ರವಾರ

ಹಲ್ಲು ಕೀಳಿಸಿ ಬಂದೆ. ಕೆನ್ನೆ ಬನ್ನಿನ ಹಾಗೆ ಊದಿದೆ. ಅದಲ್ಲ ವಿಷಯ.

ಗೇಟಿಗೇ ಸೀದ ವಾಸನೆ ಬಡಿಯಿತು. ಓಡಿದೆ. ಒಲೆ ಮೇಲೆ ಹಾಲು ಉಕ್ಕಿ, ಬತ್ತಿ, ತಳ ಹತ್ತಿ ಕರಿ ಇದ್ದಿಲಾಗಿದೆ. ಎರಡು ಮಾರು ಆಚೆ, ಒಲೆಗೆ ಬೆನ್ನು ಹಾಕಿ ಅಪ್ಪ ಆರಾಮಾಗಿ ಪೇಪರ್ ಓದುತ್ತಿದ್ದಾರೆ!

‘ಅಪ್ಪಾ, ಹಾಲು!’

‘ಯಾಕೆ, ಬೇಕಾ?’ ಅಂದರು. ತಲೆ ಎತ್ತದೆ.

ಪಾತ್ರೆ ಇಳಿಸಿದೆ. ಕಿಟಕಿ ತೆರೆದೆ.

ಸಂಜೆ ಮಾಡಬಾರದ ಕೆಲಸ ಮಾಡಿದೆ. ಕಾರ್ಕ್ ಕೆಟ್ಟ ಬಾಟಲಿ ಒಂದಿತ್ತು, ಚೆಲ್ಲಲು ಇಟ್ಟದ್ದು. ನೆಂದ ಗೋಣಿಚೀಲದ ನಾತ. ಗ್ಲಾಸಿಗೆ ಸುರಿದೆ, ಅವರೆದುರು ಮೂಸಿದೆ, ಊದಿದ ಕೆನ್ನೆಯಲ್ಲೇ ನಕ್ಕೆ. ಅಪ್ಪನ ಕಣ್ಣು ಗ್ಲಾಸಿನ ಮೇಲೆ ಇರಲೇ ಇಲ್ಲ. ನನ್ನ ಮೇಲೆ. ಹುಬ್ಬಿನ ಮೇಲೆ, ತುಟಿಯ ಮೇಲೆ. ಆಮೇಲೆ ಕುಡಿದು ಭೇಷ್ ಅಂದರು.

ಏನು ನೋಡಿದ್ರಿ ಅಂತ ಅವತ್ತು ಕೇಳಿದ್ದೆ. ನಿನ್ ಮುಖ ಅಂದಿದ್ದರು. ಬೈಗುಳ ಅಂದುಕೊಂಡೆ. ಅಯ್ಯೋ, ಅದು ಉತ್ತರ!

ಇನ್ನು ಬರೆಯಲಾರೆ.

ಮಾರ್ಚ್ 8, ಶನಿವಾರ

ಅತ್ತೆಗೆ ಗೊತ್ತಿತ್ತು! ಅಪ್ಪನ ತಂಗಿ, ಅಣ್ಣನ ಜೊತೆ ಒಂದೇ ಸೂರಿನಡಿ ಇರುವವಳು, ಅಡುಗೆಮನೆಯೆಲ್ಲ ಅವಳದ್ದೇ, ಗೊತ್ತಿರದೆ ಏನು.

‘ಆ ಕೆಟ್ಟ ಜ್ವರ ಬಂದು ಹೋಯ್ತಲ್ಲ, ಅವತ್ತಿಂದ ಅವನಿಗೆ ಮೂಗಿಲ್ಲ ಕಣೇ. ಹುಳಿ, ಸಿಹಿ ನಾಲಿಗೆಗೆ ಗೊತ್ತಾಗುತ್ತೆ. ವಾಸನೆ ಅಂತೂ ಸೊನ್ನೆ.’

‘ಅಂದ್ರೆ... ಆಮೇಲೆ ವೈನಿಗೆ ಬಂತಲ್ಲ, ಗೋಡೆ ಮೇಲಿರೋ ಮೆಡಲ್ಲು?’

‘ನಿಂದೇ.’

‘ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?’

‘ನಾನು ಹೇಳೋಣ ಅಂದೆ. ಅವನೇ ಬೇಡ ಅಂದ. ಗೊತ್ತಾದ್ರೆ ಅವಳ ಮುಖ ಸುಳ್ಳು ಹೇಳೋಕೆ ಶುರು ಮಾಡುತ್ತೆ ಅಂದ.’

ಬಟಾಣಿ ಬಿಡಿಸುತ್ತ ಹೇಳಿದಳು, ಏನೂ ಆಗಿಲ್ಲವೆಂಬಂತೆ. ನಾನು ನೆಲದ ಮೇಲೆ ಕೂತೆ. ಇಷ್ಟು ವರ್ಷ ನನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ ಅಂತ ಒಳಗೊಳಗೇ ಬೆಂದವಳು ನಾನು. ಮಾತು ಬೇಡವಾಗಿತ್ತು, ಮುಖ ಬೇಕಾಗಿತ್ತು. ಸಿಟ್ಟು ಬರಬೇಕು. ಬರುತ್ತಿಲ್ಲ. ಬರೀ ದಿಗಿಲು. ಈ ಮನೆಗೆ ಸಿಕ್ಕ ಅತ್ಯುತ್ತಮ ವೈನ್ ಒಂದು ಹುಳುಕು ಹಲ್ಲಿನ ದೆಸೆಯಿಂದ ವಿನೆಗರ್ ಆಗಲಿದೆ! ಉಳಿಸಬೇಕಾದರೆ ಅಪ್ಪನಿಗೆ ಹೇಳಬೇಕು. ಹೇಳಿದರೆ ಅಪ್ಪ...

ಮಾರ್ಚ್ 9, ಭಾನುವಾರ

ಇಡೀ ದಿನ ಅವರ ಹಿಂದೆ ಮುಂದೆ ಸುತ್ತಿದೆ. ಬಾಯಿ ಬರಲಿಲ್ಲ.

ಮಾರ್ಚ್ 10, ಸೋಮವಾರ. ಮಧ್ಯಾಹ್ನ

ಬೆಳಿಗ್ಗೆ ಗೇಟಿನಲ್ಲಿ ಲಾರಿ ಹಾರ್ನ್. ಅಪ್ಪ ನೆಲಮಾಳಿಗೆಗೆ ಹೊರಟರು. ನಾನು ಹಿಂದೆಯೇ ಓಡಿದೆ. ಕಾಟು ಹಾಕಿದ ಪೀಪಾಯಿಗೆ ಅಡ್ಡ ನಿಂತೆ.

‘ಅಪ್ಪ, ಅವತ್ತು ನನಗೆ ಹಲ್ಲುನೋವು.’

‘ಅದಕ್ಕೆ?’

‘ಅದಕ್ಕೇ ಮುಖ ಹಾಗಾಗಿತ್ತು. ವೈನಿಗಲ್ಲ.’

ಅಪ್ಪ ಗೋಡೆ ಹಿಡಿದುಕೊಂಡರು. ಒಮ್ಮೆಗೇ ಮುದುಕರಾದರು, ನನ್ನ ಕಣ್ಣೆದುರಲ್ಲೇ. ಮೇಲೆ ಹಾರ್ನ್ ಹೊಡೆಯುತ್ತಲೇ ಇತ್ತು.

ಗ್ಲಾಸು ತುಂಬಿದೆ. ಕುಡಿದೆ. ಅಪ್ಪ ನನ್ನ ಮುಖ ನೋಡಿದರು. ನೋಡುತ್ತಲೇ ಇದ್ದರು. ನಾನು ಏನು ಮಾಡಲಿ, ಮುಖ ಕಲ್ಲಾಗಿಬಿಟ್ಟಿತ್ತು. ನಕ್ಕರೆ ನಾಟಕ, ನಗದಿದ್ದರೂ ನಾಟಕ.

‘ಏನೂ ಕಾಣ್ತಿಲ್ಲ ಮಗಳೇ’ ಅಂದರು. ದನಿ ಸಣ್ಣಗಾಗಿತ್ತು.

ಆಮೇಲೆ ಅಂಗೈಯಿಂದ ಆ ಕಾಟು ಒರೆಸಿದರು. ಸ್ಟೂಲ್ ಎಳೆದು ಕೂತು, ಕಣ್ಣು ಮುಚ್ಚಿಕೊಂಡರು.

‘ಬಾಯಿ ಬಿಟ್ಟು ಹೇಳು.’

ಜನ್ಮದಲ್ಲಿ ಮೊದಲ ಸಲ! ಏನು ಹೇಳಲಿ, ಹೇಗೆ ಹೇಳಲಿ. ತೊದಲಿದೆ. ‘ಮೊದಲು ನೇರಳೆ ಹಣ್ಣು ಅಪ್ಪ. ತುಂಬಾ ಕಳಿತದ್ದು. ಆಮೇಲೆ... ಕಾದ ಕಲ್ಲಿನ ಮೇಲೆ ನೀರು ಚೆಲ್ಲಿದ್ರೆ ಬರುತ್ತಲ್ಲ...’

‘ಹೂಂ. ಗೊತ್ತು. ನೆನಪಿದೆ. ಆಮೇಲೆ?’

ಅಷ್ಟರಲ್ಲಿ ಲಾರಿಯವನೇ ಇಳಿದು ಬಂದ. ಅವನನ್ನು ಸಾಗಹಾಕಲು ನಾನೇ ಮೇಲೆ ಬರಬೇಕಾಯಿತು. ಬರಿಗೈಯಲ್ಲಿ ಗೊಣಗುತ್ತ ಹೋದ. ಅವನು ಹೋದದ್ದೇ ಇಲ್ಲಿ ಕೂತು ಇದನ್ನು ಗೀಚುತ್ತಿದ್ದೇನೆ.

ಕೆಳಗಿನಿಂದ ಕೂಗುತ್ತಿದ್ದಾರೆ. ‘ಎಲ್ಲಿ ಸತ್ತೆ? ಕಲ್ಲಿನ ಮೇಲೆ ನೀರು ಅಂದೆ, ಆಮೇಲೆ?’

ಆಮೇಲೆ —