ಮಾಸ್ಕೋದಲ್ಲಿ ಮುದ್ದೆ ತಿರುವಿದ ಅಣ್ಣನಿಗೆ

ಅಣ್ಣಾ,

ಎದ್ದ ಮ್ಯಾಲೆ ನನ್ನ ಹುಡುಕಬ್ಯಾಡ. ಬಡವನಹಳ್ಳಿಯಿಂದ ಮೊದಲನೇ ಬಸ್ಸಿಗೆ ಬೆಂಗಳೂರಿಗೆ ಹೊಂಟೆ, ಸ್ಕಾಲರ್‌ಶಿಪ್ ಇಂಟರ್‌ವ್ಯೂಗೆ. ಹೂಂ, ನೀನು ಬ್ಯಾಡ ಅಂದಿದ್ದ ಅದೇ ಮಾಸ್ಕೋ ಸ್ಕಾಲರ್‌ಶಿಪ್ಪು!

ಮುದ್ದೆ ಮುಚ್ಚಿಟ್ಟಿದೀನಿ, ಉಪ್ಸಾರು ಒಲೆ ಮ್ಯಾಲೈತೆ. ಚಮಚಾನೂ ತೊಳೆದಿಟ್ಟಿದೀನಿ, ಸಾಹೇಬ್ರು ಈಗ ಕೈಯಾಗೆ ಉಣ್ಣಲ್ವಲ್ಲ. ಕುರಿಮರಿಗೆ ಸೊಪ್ಪು ಹಾಕು. ಮಾಸ್ಕೋದಿಂದ ತಂದ ಆ ಓವರ್‌ಕೋಟು ತೊಟ್ಕೊಂಡು ಕುರಿ ರೊಪ್ಪದೊಳಕ್ಕೆ ಹೋಗ್ಬ್ಯಾಡ, ಮೊನ್ನೆ ಥರ ಕುರಿಗಳು ಬೆದರಿ ಓಡ್ತವೆ.

"ಹೆಣ್ಮಕ್ಕಳ ಕೈಲಿ ಆ ದೇಶ ಆಗಾಕಿಲ್ಲ" ಅಂತ ಅಪ್ಪನ ತಲೆ ಕೆಡಿಸಿದ್ಯಲ್ಲ, ನಿನ್ನ ಕೈಲಿ ಎಷ್ಟಾಯ್ತು ಅಂತ ನೆನ್ನೆ ಗೊತ್ತಾಯ್ತು. ನೀನು ಮನೇಲಿ ಇಲ್ದಾಗ, ನಿನ್ ಜೊತೆ ಅಲ್ಲಿ ಹಾಸ್ಟೆಲ್‌ನಾಗಿದ್ದ ಶಿರಾದ ಸಂಜೀವಣ್ಣ ಬಂದಿದ್ದ. ಅಲ್ಲಿನ ಕರೀ ರೊಟ್ಟಿ ಹಿಟ್ಟನ್ನ ರಾಗಿ ಅಂದ್ಕೊಂಡು ಮುದ್ದೆ ತಿರುವಿದ್ಯಂತೆ! ಅದು ಗೋಂದಾಗಿ ಸೌಟು ಪಾತ್ರೆಗೆ ಕಚ್ಕೊಂತಂತೆ. "ಅಗೀಬ್ಯಾಡ್ರಿ, ನುಂಗ್ರಿ" ಅಂತ ರಷ್ಯಾದ ಹುಡುಗ್ರ ಗಂಟಲಿಗೂ ತುರುಕಿ, ಆಮೇಲೆ ಊರಿಗೆ ಹೋಗ್ತೀನಿ ಅಂತ ಕಂಬಳಿ ಹೊದ್ಕೊಂಡು ಅತ್ತ್ಯಂತೆ. ಇಲ್ಲಿ ನೋಡಿದ್ರೆ, ಅಲ್ಲಿ ರಾಜನ ಥರ ಇದ್ದೆ ಅಂತ ಬೀದಿಬೀದಿ ಕೊಚ್ಕೊಂತೀಯ. ನಾಚ್ಕೆ ಆಗಲ್ವಾ?

ಅತ್ತಿದ್ದಕ್ಕೆ ನಗ್ತಿಲ್ಲ ಕಣಣ್ಣ. ಹೋದ್ರೆ ನಾನೂ ಅಳ್ತೀನೇನೋ. ಅತ್ತಿದ್ದನ್ನ ಬಚ್ಚಿಟ್ಟು ನನಗೆ ಅಡ್ಡ ಬಂದ್ಯಲ್ಲ, ಅದಕ್ಕೆ ಉಗೀಬೇಕು ಅನ್ಸುತ್ತೆ.

ಅಪ್ಪನ್ನ ಮುಂದೆ ಮಾಡ್ಕೊಂಡು ನನ್ನ ತಡೀಬೋದು ಅಂದ್ಕೊಂಡಿದ್ರೆ ಬುಟ್ಬುಡು. ಸಂಜೀವಣ್ಣನ ಮಾತು ಕೇಳಿ ನಕ್ಕೂ ನಕ್ಕೂ ಸಾಕಾಗಿ, ಅಪ್ಪ ಈಗ ನನಗಿಂತ ಮುಂಚೆ ಪಂಚೆ ಉಟ್ಕೊಂಡು ಬಾಗ್ಲಾಗೆ ನಿಂತವ್ನೆ. ಬೆಂಗಳೂರಿಗೆ ಅವನೂ ಬತ್ತವ್ನೆ.

ಮುದ್ದಿ