ಜಿನೋವಾದ ಹುರಿದ ಮೀನು

ಜಿನೋವಾ, ೧೪ ಮೇ ೧೯೮೩, ಶನಿವಾರ

ಆ ಸಪ್ಪೆ ಸೂಪ್ ಇನ್ನು ನನ್ನ ಗಂಟಲಿನಲ್ಲಿ ಇಳಿಯುವುದಿಲ್ಲ. ನಮ್ಮ ಹಂಚಿನ ಕಾರ್ಖಾನೆಗೆ ಯಂತ್ರ ನೋಡಲು ಇಟಲಿಗೆ ಬಂದ ಇವರಿಗೆ ಯಂತ್ರ ಮಾರುವ ಏಜೆಂಟ್ ಹೇಳಿದ್ದೇ ವೇದವಾಕ್ಯ. ಬಂದಂದಿನಿಂದ ಅದೇ ದೊಡ್ಡ ಹೋಟೆಲ್, ಇಂಗ್ಲಿಷ್ ಮೆನು, ಸುತ್ತ ಬರೀ ಪ್ರವಾಸಿಗಳು.

"ಈ ಊರಿನವರು ಉಣ್ಣುವಲ್ಲಿಗೆ ಹೋಗುವ," ಎಂದೆ ಬೆಳಿಗ್ಗೆ.

"ಅಲ್ಲಿಗೆ ನಮ್ಮಂಥವರು ಹೋಗುವುದುಂಟಾ? ಸುಮ್ಮನೆ ರೂಮಿನಲ್ಲಿರು ಗುಣವತಿ," ಎಂದು ಏಜೆಂಟನ ಜೊತೆ ಹೊರಟುಹೋದರು.

ನಾನೂ ಹೊರಟೆ, ಒಬ್ಬಳೇ. ಮಂಗಳೂರಿನ ಬಂದರ್‌ನಲ್ಲಿ ಬೆಳೆದವಳಿಗೆ ಇನ್ನೊಂದು ಬಂದರು ಹುಡುಕುವುದು ಕಷ್ಟವೇ? ಮಧ್ಯಾಹ್ನ ಮೂಟೆ ಹೊರುವವರು ಕೈ ತೊಳೆದು ಎತ್ತ ನಡೆದರೋ ಅತ್ತಲೇ ನಡೆದೆ. ಕಮಾನಿನ ಕೆಳಗೆ ಹೊಗೆ ಹಿಡಿದ ಒಂದು ಅಂಗಡಿ. ದಪ್ಪನೆಯ ಹೆಂಗಸೊಬ್ಬಳು ಸಣ್ಣ ಮೀನು ಹುರಿಯುತ್ತಿದ್ದಳು. ಬೆರಳು ತೋರಿಸಿದೆ. ಕಾಗದದಲ್ಲಿ ಸುತ್ತಿ ಕೊಟ್ಟು, ನನ್ನ ಸೆರಗು ಮುಟ್ಟಿ ನೋಡಿ ನಕ್ಕಳು. ಅಷ್ಟು ಗಂಡಸರ ನಡುವೆ ನಿಂತುಕೊಂಡೇ ಮುಳ್ಳು ಸಮೇತ ತಿಂದೆ. ಖಾರ ಇರಲಿಲ್ಲ, ಆದರೆ ಎಂಥ ರುಚಿ!

ಸಂಜೆ ಹೇಳಿದಾಗ ಇವರ ಮುಖ ಕೆಂಪಾಯಿತು. "ಬೀದಿಯಲ್ಲಿ ನಿಂತು ತಿನ್ನುವುದಾ? ಏಜೆಂಟ್ ಎಂತ ಎಣಿಸಿಯಾನು?"

"ಬೇಕಾದ್ದು ಎಣಿಸಲಿ. ನಾಳೆಯೂ ನಾನು ಅಲ್ಲಿಗೇ ಹೋಗ್ತೇನೆ. ನಿಮಗೆ ಹಸಿವಾದರೆ ನೀವೂ ಬನ್ನಿ."

ಗೋಡೆ ಕಡೆ ತಿರುಗಿ ಮಲಗಿದರು. ನಿದ್ದೆ ಬಂದಿರಲಿಲ್ಲ ಅಂತ ಕಾಣುತ್ತದೆ. ಈಗಷ್ಟೇ, ತಿರುಗದೆಯೇ ಕೇಳಿದರು: "ಮೀನು ನಮ್ಮೂರಿನ ಬೂತಾಯಿಯಾ?"

"ಅದಕ್ಕಿಂತ ಸಣ್ಣದು," ಎಂದೆ. ಹೆಚ್ಚು ಹೇಳಲಿಲ್ಲ. ಬೇಕಾದರೆ ಬಂದು ತಿಂದು ನೋಡಲಿ.